ಅಕ್ಕನ ತಲೆಯ ಮೇಲಿನ ಸೆರಗು

ಗಜೇಂದ್ರಗಡದ ನಮ್ಮ ಮನೆಯಲ್ಲಿ ಉಳಿದಿದ್ದವರು ನಾನು, ನನ್ನ ಅಕ್ಕ, ಅವಳ ಕೈಮಗ್ಗ. ರೋಗ ವಾಸಿಯಾಗುವುದಿಲ್ಲ, ನೋವು ತಗ್ಗಿಸಬಹುದು ಅಷ್ಟೇ ಎಂದು ಡಾಕ್ಟರು ಅವಳನ್ನು ಮನೆಗೆ ಕಳಿಸಿದಾಗ ನಾನು ಮಾಡಿದ ಮೊದಲ ಕೆಲಸ ಚಿಂತೆ. ಅದರಲ್ಲಿ ನನಗೆ ಒಳ್ಳೆಯ ಅನುಭವವಿದೆ. ಆಮೇಲೆ ರೋಣದ ಪೇಟೆಯಿಂದ ನೈಟಿ ತಂದೆ. ಮಲಗಿದವರಿಗೆ ಅನುಕೂಲ ಎಂದು ಯಾರೋ ಹೇಳಿದ್ದರು. ದೊಡ್ಡ ದೊಡ್ಡ ಹೂವಿನವು. ಇಬ್ಬರು ಅಕ್ಕಂದಿರು ಹಿಡಿಸುವಂಥವು.

ಓಣಿಯ ಹೆಂಗಸರು ಮಾತಾಡಿಸಲು ಬಂದರೆ ಅಕ್ಕ ಗೋಡೆಗೆ ಮುಖ ಮಾಡಿ ಕಣ್ಣು ಮುಚ್ಚುತ್ತಿದ್ದಳು. "ಏನರ ಉಣತಾಳೇನಪಾ?" ಎಂದು ಅವರು ನನ್ನನ್ನು ಕೇಳುವುದು, ನಾನು ಅವಳ ಮೈಮೇಲಿಂದಲೇ ಉತ್ತರ ಕೊಡುವುದು. ಬರಬರುತ್ತ ಅವರು ಬರುವುದೂ ನಿಂತಿತು. ನೋವು ಹೆಚ್ಚಾಗಿರಬೇಕೆಂದು ಗಾಬರಿಬಿದ್ದು, ಮನೆಗೆ ಬಂದು ನೋಡುವ ನರ್ಸಮ್ಮನಿಗೆ ಫೋನ್ ಮಾಡಿದೆ.

ಆಕೆ ಮಂಚದ ಪಕ್ಕ ಕೂತು, "ಅಕ್ಕಾರ, ತ್ರಾಸ ಭಾಳ ಐತೇನ್ರಿ?" ಎಂದಳು.

"ನಿನ್ನಿಯಿಂದ..." ಎಂದು ನಾನು ಶುರು ಮಾಡಿದೆ.

"ನಿಮ್ಮನ್ನ ಕೇಳಿಲ್ರಿ ಅಣ್ಣಾರ."

ಅಕ್ಕ ಕಣ್ಣು ತೆರೆದಳು. "ನೋವು ಗುಳಿಗಿಗೆ ತಗ್ಗತೈತಿ ತಂಗೀ. ಜಲ್ಮೆಲ್ಲಾ ಸೀರಿ ನೇಯ್ದಾಕಿ ನಾನು. ಈ ಚೀಲದಾಗ, ತಲಿ ಮ್ಯಾಲ ಸೆರಗಿಲ್ದ, ಮಂದಿಗೆ ಹ್ಯಾಂಗ ಮಾರಿ ತೋರಸ್ಲಿ?"

"ನನಗ್ಯಾಕ ಹೇಳ್ಲಿಲ್ಲ?" ಎಂದೆ.

"ತಮ್ಮಗ ಏನಂತ ಹೇಳೂದು? ಸೀರಿ ಉಡಸು ಅಂತೇನು?"

ಸುತ್ತಿ ಉಡಿಸಿದರೆ ಮೈ ನೋಯುತ್ತದೆ, ಸೀರೆ ಕತ್ತರಿಸಿ ಸೆರಗಷ್ಟೇ ಹೊದಿಸೋಣ ಎಂದೆ.

"ಸೀರಿಗೆ ಕತ್ತರಿ ಹಚ್ಚಿದಿ ಅಂದ್ರ ಎದ್ದು ಬಂದು ಬಡೀತೀನಿ!"

ಎದ್ದು ಬರುವಳೆಂದಿದ್ದರೆ ಕತ್ತರಿ ಹುಡುಕುತ್ತಿದ್ದೆ.

ನರ್ಸಮ್ಮ ಮುಟ್ಟುವ ಮುನ್ನ ಪ್ರತಿ ಸಲವೂ ಅಕ್ಕನನ್ನೇ ಕೇಳುತ್ತ, ಅವಳೇ ನೇಯ್ದ ಸೀರೆಯನ್ನು ನೈಟಿಯ ಮೇಲೆ ಹಗುರವಾಗಿ ಹಾಸಿ, ಸೆರಗನ್ನು ತಲೆಯ ಮೇಲೆ ತಂದಳು. ನನಗೂ ಕಲಿಸಿದಳು. ಮಾರನೆಯ ದಿನದಿಂದ ನಾನು ಬಾಗಿಲಲ್ಲಿ ಕೆಮ್ಮಿ, "ಬರ್ಲೇನ ಅಕ್ಕಾ?" ಎಂದು ಕೇಳಿ, ಅವಳು "ಬಾ" ಅಂದ ಮೇಲೆಯೇ ಒಳಗೆ ಹೋಗಿ ಸೀರೆ ಹಾಸುತ್ತಿದ್ದೆ.

"ಸೆರಗ ವಾರಿ ಆತು. ನೇಕಾರ ಮನ್ಯಾಗ ಹುಟ್ಟಿದಾಂವೇನು ನೀ?"

ಓಣಿಯ ಹೆಂಗಸರು ಮತ್ತೆ ಬರತೊಡಗಿದರು. ಅಕ್ಕ ಅವರಿಗೆ ತಾನೇ ಉತ್ತರ ಹೇಳುತ್ತಿದ್ದಳು. ನಾನು ಹೊರಗೆ ಕಟ್ಟೆಯ ಮೇಲೆ. ಒಳಗಿನಿಂದ ನಗು ಕೇಳುತ್ತಿತ್ತು. ನನ್ನ ನೈಟಿಗಳ ಸುದ್ದಿಯೇ ಇರಬೇಕು.

ಅಕ್ಕ ಈಗಿಲ್ಲ. ಮಗ್ಗ ಸುಮ್ಮನಿದೆ, ಓಣಿಯವರಿಗೆ ನನ್ನಲ್ಲಿಗೆ ಬರಲು ಕಾರಣವಿಲ್ಲ. ಈಗಲೂ ಆ ಕೋಣೆಯ ಬಾಗಿಲಲ್ಲಿ ಕೆಮ್ಮುತ್ತೇನೆ. "ಬಾ" ಅನ್ನುವಷ್ಟು ಹೊತ್ತು ನಿಲ್ಲುತ್ತೇನೆ. ಒಳಗೆ ಹೋದ ಮೇಲೆ ನಿಜವಾದ ಕೆಮ್ಮೇ ಬಂದರೆ, ನನಗಾಗಿ ನರ್ಸಮ್ಮನಿಗೆ ಫೋನ್ ಮಾಡುವವರು ಯಾರು ಎಂಬ ಚಿಂತೆ ಬೇರೆ.