ಅಳಿಯನ ಬಾಜಾ, ನನ್ನ ಜೋಳ

ಆಗ ನನಗೆ ಎಪ್ಪತ್ತರ ಹತ್ತಿರ. ಮೂರು ವರ್ಷದ ಹಿಂದಿನ ಮಾತು. ಸಂಕ್ರಾಂತಿಯ ಹೊತ್ತು, ಜೋಳದ ತೆನೆಗಳಲ್ಲಿ ಹಾಲು ತುಂಬಿತ್ತು. ಆ ಕಾಳಿಗೆ ಗಿಳಿ, ಗುಬ್ಬಿ ಬಿದ್ದರೆ ತೆನೆಯಲ್ಲಿ ಹೊಟ್ಟಷ್ಟೇ ಉಳಿಯುತ್ತದೆ. ನನಗಿರುವುದು ಕೆ.ಟಿ. ದೊಡ್ಡಿ ದಾರಿಯಲ್ಲಿ ಒಂದು ತುಂಡು ಹೊಲ. ವರ್ಷದ ರೊಟ್ಟಿ ಅದರಿಂದಲೇ ಬರಬೇಕು.

ನಮ್ಮ ಕಡೆ ಹಕ್ಕಿ ಕಾಯಲು ಈಗ ಬ್ಯಾಟರಿ ಮೈಕು ಬಂದಿದೆ. ಅದರೊಳಗೆ ಒಮ್ಮೆ "ಹೋಯ್, ಹೋಯ್" ಎಂದು ಕೂಗಿ ತುಂಬಿಸಿ ಕೋಲಿಗೆ ಕಟ್ಟಿದರೆ ಸಾಕು, ದಿನವಿಡೀ ಅದೇ ಕೂಗುತ್ತಿರುತ್ತದೆ. ನಾನೂ ಹತ್ತಿರದ ಶಾಂತಿನಗರದ ಪೇಟೆಯಿಂದ ಒಂದು ತಂದಿದ್ದೆ. ಮೊದಮೊದಲು ಹಕ್ಕಿಗಳು ಹೆದರಿದವು. ಆಮೇಲೆ ನನ್ನ ದನಿ ರೂಢಿಯಾಗಿ ಗುಬ್ಬಿಗಳು ಆ ಮೈಕಿನ ಮೇಲೆಯೇ ಕೂತು ರೆಕ್ಕೆ ಕೆದರಿಕೊಳ್ಳತೊಡಗಿದವು. ಅದಕ್ಕೇ ನಾನು ಅಟ್ಟಣಿಗೆ ಹತ್ತಿ ಡಬ್ಬಿ ಬಡಿಯುತ್ತಾ ಕೂತಿದ್ದೆ.

ಬದುವಿನಾಚೆ ನನ್ನ ಮೈದುನನ ಹೊಲ. ಅವನೂ ಜೋಳವನ್ನೇ ಹಾಕಿದ್ದ. ಆ ಹೊಲದ ಆಚೆ ತುದಿಯಲ್ಲಿ ಹತ್ತಿ ಇಡುವ ತಗಡಿನ ಶೆಡ್ಡು. ಅವನ ಹೊಸ ಅಳಿಯ ಮೊದಲ ಹಬ್ಬಕ್ಕೆಂದು ಹೈದರಾಬಾದಿನಿಂದ ಬಂದಿದ್ದ, ಜತೆಗೆ ಇಬ್ಬರು ಗೆಳೆಯರು, ಒಂದು ಜೀಪಿನ ತುಂಬ ಸಾಮಾನು. ಮೊದಲ ಹಬ್ಬಕ್ಕೆ ಬಂದ ಅಳಿಯ ಏನು ಕೇಳಿದರೂ ಇಲ್ಲ ಅನ್ನುವಂತಿಲ್ಲ. ಬೇರೆಯವರ ಅಳಿಯಂದಿರು ಮೋಟರ್‌ಸೈಕಲ್ಲು ಕೇಳುತ್ತಾರೆ. ಇವನು ಶೆಡ್ಡು ಕೇಳಿದ.

ಮಧ್ಯಾಹ್ನ ಆ ಶೆಡ್ಡಿನಿಂದ ಸದ್ದು ಎದ್ದಿತು. ಎಮ್ಮೆ ಈಯುತ್ತಿರುವಾಗ ಪಾತ್ರೆಯ ಗೂಡು ಮಗುಚಿ ಬಿದ್ದು, ಅದೇ ಹೊತ್ತಿಗೆ ಹಿಟ್ಟಿನ ಗಿರಣಿಯ ಪಟ್ಟಾ ಹರಿದರೆ ಹೇಗೋ ಹಾಗೆ. ಮೈದುನನ ಜೋಳದಲ್ಲಿದ್ದ ಹಕ್ಕಿಗಳೆಲ್ಲ ಒಟ್ಟಿಗೆ ಎದ್ದು, ಒಂದು ಸುತ್ತು ಹಾಕಿ, ನನ್ನ ಹೊಲದಲ್ಲಿ ಇಳಿದವು.

ಡಬ್ಬಿ ಬಿಸಾಕಿ ಹೋದೆ. ಮೈದುನ ಬೇವಿನ ಮರದ ಕೆಳಗೆ ಎರಡೂ ಕಿವಿಗೆ ಹತ್ತಿ ತುರುಕಿಕೊಂಡು ಕೂತಿದ್ದ. ಭುಜ ಹಿಡಿದು ಅಲುಗಿಸಿದ ಮೇಲೆ ಒಂದು ಕಿವಿಯ ಹತ್ತಿ ತೆಗೆದ.

"ಅಳಿಯಾರು ಏನೋ ರೆಕಾರ್ಡ್ ಮಾಡಾಕತ್ಯಾರ, ಅತ್ತಿಗಿ," ಅಂದ.

ನನಗೆ ಎಲ್ಲಾ ತಿಳಿದುಹೋಯಿತು. ಮೈದುನ ತನ್ನ ಹೊಲದ ಮೈಕಿಗೆ ತುಂಬಿಸಲು ಹೈದರಾಬಾದಿನಿಂದ ಹಕ್ಕಿ ಓಡಿಸುವವರನ್ನೇ ಕರೆಸಿದ್ದಾನೆ. ಅವನ ಹಕ್ಕಿಗಳಿಗೆ ನನ್ನ ಜೋಳ. ಬಾಯಿಗೆ ಬಂದದ್ದು ಅನ್ನಬೇಕೆಂದರೆ, ಅವನು ಹತ್ತಿಯನ್ನು ಮತ್ತೆ ಕಿವಿಗೆ ಇಟ್ಟುಕೊಂಡಿದ್ದ.

ಶೆಡ್ಡಿನ ಬಾಗಿಲಿಗೇ ಹೋಗಿ ನಿಂತೆ. ಅಳಿಯ ಕಣ್ಣು ಮುಚ್ಚಿಕೊಂಡು, ಕತ್ತಿನ ನರ ಉಬ್ಬಿಸಿ, ಸೊಟ್ಟಗಿನ ಹಿತ್ತಾಳೆ ಕೊಳವೆಯೊಂದನ್ನು ಊದುತ್ತಿದ್ದ. ಒಬ್ಬ ಗಿಟಾರಿನ ತಂತಿಗೆ ಊಟದ ತಾಟು ಉಜ್ಜುತ್ತಿದ್ದ. ಇನ್ನೊಬ್ಬ ಡ್ರಮ್ಮು ಬಾರಿಸಿ ಸಾಲದೆ ಶೆಡ್ಡಿನ ತಗಡಿಗೂ ಬಡಿಯುತ್ತಿದ್ದ. ನಮ್ಮಲ್ಲಿ ಹೊಸ ಅಳಿಯನಿಗೆ ಏಕವಚನವೂ ಇಲ್ಲ, ಬೈಗುಳವೂ ಇಲ್ಲ. ನಾನು ಬಹುವಚನದಲ್ಲಿಯೇ ಬೈದೆ.

ಯಾರೂ ನಿಲ್ಲಿಸಲಿಲ್ಲ. ಡ್ರಮ್ಮಿನವನು ಹಲ್ಲು ಕಿರಿದು, ಅಲ್ಲಿ ನಿಲ್ಲಿಸಿದ್ದ ರೆಕಾರ್ಡು ಮಾಡುವ ಮೈಕನ್ನು ಕಾಲಿನಿಂದ ನನ್ನ ಕಡೆಗೆ ನೂಕಿದ. ನಾನು ಬೈದಷ್ಟು ಹೊತ್ತು ಬಾರಿಸಿದ. ನಾನು ಉಸಿರು ತೆಗೆದುಕೊಂಡರೆ ಅವನೂ ಸುಮ್ಮನಾದ. ಕಡೆಗೆ ನನ್ನಲ್ಲಿ ಬೈಗುಳ ಮುಗಿದವು, ಅವರೂ ಮುಗಿಸಿದರು. ಅಳಿಯ ಕಣ್ಣು ಬಿಟ್ಟು ಬಂದು ನನ್ನ ಕಾಲಿಗೆ ಬಿದ್ದ.

"ಭಾಳ ಚಲೋ ಬಂತ್ರಿ, ದೊಡ್ಡತ್ತಿ."

"ಚಲೋ ಬಂದಿದ್ರ ನನ್ನ ಮೈಕಿಗೂ ತುಂಬಿ ಕೊಡ್ರಿ. ಹಕ್ಕಿ ಎಲ್ಲಾ ನನ್ನ ಹೊಲಕ್ಕ ಅಟ್ಟಿದ್ರ ನಾ ಏನು ತಿನ್ಲಿ?"

ಅವನು ಕೊಳವೆಯನ್ನು ಕೆಳಗಿಟ್ಟ.

"ಇದು ಹಕ್ಕಿಗೆ ಅಲ್ರಿ. ಕೇಳಾಕ ಮಾಡಿದ್ದು."

"ಯಾರು ಕೇಳಾಕ?"

"ಮಂದಿ."

"ಅವ್ರೇನು ತಪ್ಪು ಮಾಡ್ಯಾರ?"

ಡ್ರಮ್ಮಿನವನು ನಗುತ್ತಾ ನೆಲಕ್ಕೆ ಕೂತುಬಿಟ್ಟ. ಅಳಿಯ ಪಾಪ ಬಿಡಿಸಿ ಹೇಳಿದ: ಇದಕ್ಕೆ ಫ್ರೀ ಜಾಜ್ ಎನ್ನುತ್ತಾರೆ, ಹಾಡೂ ಇಲ್ಲ, ತಾಳವೂ ಇಲ್ಲ, ಮುಂದೆ ಏನು ಬಾರಿಸುತ್ತೇವೆಂದು ನಮಗೇ ಗೊತ್ತಿರುವುದಿಲ್ಲ. ಹಾಗಾದರೆ ಹಕ್ಕಿಗಳಿಗೂ ರೂಢಿಯಾಗುವುದಿಲ್ಲ, ಒಳ್ಳೆಯದೇ ಆಯಿತು ಅಂದೆ. ಸಂಜೆಯೊಳಗೆ ಅಷ್ಟನ್ನೂ ನನ್ನ ಮೈಕಿನ ಮೆಮೊರಿ ಚಿಪ್ಪಿಗೆ ಹಾಕಿಕೊಟ್ಟ.

ಮರುದಿನ ಬೆಳಗ್ಗೆ ಮೈಕನ್ನು ಕೋಲಿಗೆ ಕಟ್ಟಿ, ಹಕ್ಕಿಗಳು ಬಂದು ಕೂರುವ ತನಕ ಕಾದು, ಗುಂಡಿ ಒತ್ತಿದೆ. ಕೊಳವೆ ಕಿರುಚಿತು, ತಗಡು ಗುಡುಗಿತು, ಅದರ ಹಿಂದೆಯೇ ಅಳಿಯಾರ ಮೂರು ತಲೆಮಾರಿಗೂ ಮರ್ಯಾದೆ ಕೊಟ್ಟು ಬೈಯುವ ನನ್ನ ದನಿ. ನನ್ನ ಹೊಲದಲ್ಲಿದ್ದ ಹಕ್ಕಿಗಳೆಲ್ಲ ಎದ್ದು ಹೋಗಿ ಮೈದುನನ ಜೋಳದಲ್ಲಿ ಇಳಿದವು. ಅವನು ಧೋತರ ಎತ್ತಿ ಹಿಡಿದು ಬದುವಿಗೆ ಓಡಿ ಬಂದ. ಬೀಗರೂ ಹಬ್ಬಕ್ಕೆ ಬಂದು ಮನೆಯಲ್ಲಿದ್ದಾರೆ, ಅವರ ಮಗನಿಗೆ ಬೈಯುವುದು ರಸ್ತೆಯ ತನಕ ಕೇಳುತ್ತಿದೆ, ಆರಿಸು ಎಂದು ಕೈ ಮುಗಿದ.

"ನಿಮ್ಮ ಅಳಿಯಾರೇ ಮಾಡಿ ಕೊಟ್ಟದ್ದು ಐತಿ," ಅಂದೆ. "ಬ್ಯಾಡ ಅಂತ ಅವ್ರಿಗೇ ಹೇಳು ಹೋಗು."

ಅವನು ಹೇಳುವುದುಂಟೇ? ಹೆಗಲ ಮೇಲಿನ ಟವೆಲ್ಲು ತೆಗೆದು ಬೀಸುತ್ತಾ ತನ್ನ ಜೋಳದೊಳಗೆ ಓಡಿದ. ನಾನು ಮೈಕಿನ ಸದ್ದನ್ನು ಇನ್ನಷ್ಟು ಏರಿಸಿ, ಹಬ್ಬಕ್ಕೆ ತಲೆಗೆ ನೀರು ಹಾಕಿಕೊಳ್ಳಲು ಮನೆಗೆ ಹೋದೆ.