ಕಾಲುಚೀಲದಲ್ಲಿ ಬಂದ ಗೆಡ್ಡೆ

ಅಣ್ಣ ತಾಂಜಾನಿಯದ ಚಿನ್ನದ ಗಣಿಯೊಂದರಲ್ಲಿ ಡ್ರಿಲ್ಲಿಂಗ್ ಕೆಲಸಕ್ಕಿದ್ದಾನೆ. ಕಳೆದ ಬೇಸಿಗೆಯಲ್ಲಿ ಉರಿಗಾಂನ ನಮ್ಮ ಮನೆಗೆ ರಜೆಗೆಂದು ಬಂದಾಗ, ಕಾಲುಚೀಲದೊಳಗೆ ಬಚ್ಚಿಟ್ಟುಕೊಂಡು ಹೆಬ್ಬೆರಳು ಗಾತ್ರದ ಒಂದು ಗೆಡ್ಡೆ ತಂದಿದ್ದ. ಅಲ್ಲಿನ ಹುಲ್ಲುಗಾವಲಿನಲ್ಲಿ ಅರಳುವ ನೆಲದ ಆರ್ಕಿಡ್ ಅದು. ಜನ ಗೆಡ್ಡೆಗಳನ್ನು ಅಗೆದು ಬೇಯಿಸಿ ತಿನ್ನುವುದರಿಂದ ಈಗ ಅಪರೂಪವಾಗಿದೆಯಂತೆ. ಅತ್ತಿಗೆ ಅದನ್ನು ಖಾಲಿ ಪೇಂಟ್ ಬಕೆಟ್ಟಿನಲ್ಲಿ ನೆಟ್ಟರು. ಅಣ್ಣ ಮರಳಿ ಹೊರಟ.

ಅಂದಿನಿಂದ ನನಗೆ ನೆಮ್ಮದಿಯಿಲ್ಲ. ಕಾಮಸಮುದ್ರದ ಸುತ್ತಲಿನ ಶಾಲೆಗಳಿಗೆ ಹೋಗಿ, ಹೊರದೇಶದಿಂದ ಬಂದ ಲಂಟಾನ ಕಳೆ ನಮ್ಮ ಗೋಮಾಳಗಳನ್ನು ನುಂಗಿದ ಬಗೆಯನ್ನು ವಿವರಿಸುವವನು ನಾನು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ಮಾತು ಆ ಕೆಲಸಕ್ಕೆ ಒದಗುತ್ತದೆ. ಶಾಲೆಯಲ್ಲಿ ಹೂಡಿದ ವಾದ ನನ್ನ ಮನೆಯ ಬಾಗಿಲಲ್ಲೂ ನಿಲ್ಲಬೇಡವೇ?

ಬಂಗಾರಪೇಟೆಗೆ ಹೋಗಿ ಪರಿಚಯದ ಸಸ್ಯಶಾಸ್ತ್ರ ಉಪನ್ಯಾಸಕರನ್ನು ಕೇಳಿದೆ.

"ಅನುಮತಿ ಇಲ್ಲದೆ ಬಂದ ಗೆಡ್ಡೆ. ಒಳಗೆ ಯಾವ ರೋಗ ಇದೆಯೋ ಯಾರಿಗೆ ಗೊತ್ತು? ಸಸ್ಯ ತಪಾಸಣೆ ಕಚೇರಿಗೆ ಒಪ್ಪಿಸಿದ್ರೆ ಸುಟ್ಟುಹಾಕ್ತಾರೆ. ಸುಡೋದೇ ಸರಿ," ಎಂದರು.

ಆ ಮಾತಿನಲ್ಲಿ ತಪ್ಪು ಹುಡುಕಲು ಏನೂ ಇರಲಿಲ್ಲ. ಆದರೂ, ತವರಿನಲ್ಲಿ ಅಗೆದು ತಿನ್ನುವ ಅಪರೂಪದ ಜೀವವೊಂದನ್ನು ಇಲ್ಲಿ ನಾವು ನಿಯಮಬದ್ಧವಾಗಿ ಸುಡುತ್ತೇವೆ ಎಂಬ ಯೋಚನೆ ಬಸ್ಸಿನಲ್ಲಿ ದಾರಿಯುದ್ದಕ್ಕೂ ಕೊರೆಯಿತು.

"ಸುಡ್ಬೇಕಾ?" ಅತ್ತಿಗೆ ಸೊಪ್ಪು ಬಿಡಿಸುತ್ತಲೇ ಕೇಳಿದರು. "ಮೊದ್ಲು ನಿಮ್ಮಣ್ಣನ ಕಾಲುಚೀಲ ಸುಡಪ್ಪ. ಅದ್ರಾಗೆ ಇನ್ನೂ ಎಂತೆಂಥಾ ರೋಗ ಐತೋ."

"ನಗೋ ಮಾತಲ್ಲ ಅತ್ತಿಗೆ. ನಾಳೆ ಬೀಜ ಹರಡಿದ್ರೆ?"

"ಬೀಜ ಕಟ್ಟೋಕ್ ಮುಂಚೆ ನಾನೇ ಕಿತ್ತು ಒಲೆಗೆ ಆಕ್ತೀನಿ. ಒಂದ್ಸಲ ಊ ಬಿಡ್ಲಿ. ಫೋಟೋ ಕಳಿಸ್ತೀನಿ ಅಂತ ಅವ್ರಿಗೆ ಏಳಿದೀನಿ."

"ರೋಗ ಹೂವಿಗೆ ಕಾಯಲ್ಲ."

"ನಿಂಗೆ ಇಸ್ಕೂಲ್ ಮಕ್ಳು ಚಪ್ಪಾಳೆ ತಟ್ತಾರೆ. ಅವ್ರಿರೋ ದೇಶದ್ದು ಅಂತ ನಂಗಿರೋದು ಈ ಬಕೆಟ್ಟೊಂದೇ ಕಣಪ್ಪ."

ಬಕೆಟ್ಟನ್ನು ನೆಲದಿಂದೆತ್ತಿ ಕಲ್ಲಿನ ಮೇಲಿಟ್ಟೆವು. ಸೋರುವ ನೀರು ಮಣ್ಣಿಗೆ ಸೇರದಂತೆ ಕೆಳಗೊಂದು ತಟ್ಟೆ. ಹೂ ಅರಳಿದ ಮರುದಿನವೇ ಗೆಡ್ಡೆಯನ್ನು ಒಪ್ಪಿಸುವುದೆಂದು ಮಾತಾಯಿತು.

ಮಳೆ ಬಿದ್ದ ಮೇಲೆ ಎಲೆ ಮೂಡಿತು, ನಡುವೆ ದಂಟು ಎದ್ದಿತು. ಈಗ ಅದರ ತುದಿಯಲ್ಲಿ ಮೊಗ್ಗಿದೆ. ಎದ್ದವರೇ ಅತ್ತಿಗೆ ಅಲ್ಲಿಗೆ ಹೋಗುತ್ತಾರೆ. ನಾನು ಅವರಿಗಿಂತ ಮೊದಲೇ ಎದ್ದು ನೋಡಿ, ಇನ್ನೂ ಬಿರಿದಿಲ್ಲವೆಂದು ಖಚಿತಪಡಿಸಿಕೊಂಡು, ಬಂದು ಮತ್ತೆ ಮಲಗುತ್ತೇನೆ. ನಿದ್ದೆಯಂತೂ ಬರುವುದಿಲ್ಲ.