ಮೂರನೇ ಮಹಡಿಯ ನೊರಜು

ಬೆಲ್ಲದ ನೀರಿನಲ್ಲಿ ಹುಣಸೆಹಣ್ಣು ಕಿವುಚಿ ಒಂದು ದಿನ ಹಾಗೇ ಬಿಟ್ಟರೆ ಒಂದು ವಾಸನೆ ಏಳುತ್ತದೆ. ಪೂರ್ತಿ ಸಿಹಿಯೂ ಅಲ್ಲ, ಹುಳಿಯೂ ಅಲ್ಲ, ಕೆಡುವುದಕ್ಕೆ ತುಸು ಮೊದಲಿನ ವಾಸನೆ. ನಿನ್ನೆ ಸಿಂಕಿನ ಪಕ್ಕ ಒಂದು ಸ್ಟೀಲ್ ಲೋಟದಲ್ಲಿ ಅದನ್ನೇ ಇಟ್ಟು, ಹಳೆಯ ಕ್ಯಾಲೆಂಡರಿನ ಹಾಳೆಯನ್ನು ಆಲಿಕೆಯಂತೆ ಸುತ್ತಿ ಬಾಯಿಗೆ ಸಿಕ್ಕಿಸಿದೆ. ನೊರಜು ಒಳಗೆ ಇಳಿಯುತ್ತದೆ, ವಾಪಸ್ ಬರಲು ದಾರಿ ಕಾಣುವುದಿಲ್ಲ. ಅದಕ್ಕೂ ಮೊದಲು ವಿನೆಗರ್ ಇಟ್ಟಾಗಿತ್ತು, ಕರ್ಪೂರ ಸುಟ್ಟಾಗಿತ್ತು, ಸಿಂಕಿಗೆ ಕುದಿವ ನೀರು ಸುರಿದಾಗಿತ್ತು. ಅಂಗಡಿಯವನು ಗ್ಯಾರಂಟಿ ಎಂದು ಕೊಟ್ಟ ಸ್ಪ್ರೇ ಹೊಡೆದು ನಾನೇ ಅರ್ಧ ಗಂಟೆ ಕೆಮ್ಮಿದೆ. ಗ್ಯಾರಂಟಿ ಯಾವುದಕ್ಕೆ ಎಂದು ಅವನನ್ನು ಕೇಳಬೇಕಿತ್ತು. ಪುಣೆಯ ಮಳೆಗಾಲದಲ್ಲಿ ಈ ಚಿಲಟಗಳಿಂದ (ಮರಾಠಿಯಲ್ಲಿ ಇವಕ್ಕೆ ಅದೇ ಹೆಸರು) ಬಿಡುಗಡೆಯೇ ಇಲ್ಲ. ಚಹಾದಲ್ಲಿ ಬೀಳುತ್ತವೆ, ಕಣ್ಣಿಗೆ ಬೀಳುತ್ತವೆ, ಚಪ್ಪಾಳೆ ಹೊಡೆದರೆ ಬೆರಳ ಸಂದಿಯಿಂದ ಜಾರಿ ಮೂಗಿನ ಮುಂದೆಯೇ ಸುತ್ತುತ್ತವೆ.

ಲೋಟದ ಉಪಾಯ ನನ್ನದಲ್ಲ, ಎದುರುಮನೆಯ ಕಾಕುವಿನದು (ಚಿಕ್ಕಮ್ಮನ ವಯಸ್ಸಿನವರನ್ನು ಇಲ್ಲಿ ಕರೆಯುವುದೇ ಹಾಗೆ)...

ಇದೇ ಮಹಡಿಯಲ್ಲಿ ನಮ್ಮ ಬಾಗಿಲಿಗೆ ಎದುರಾಗಿ ಅವರ ಬಾಗಿಲಿತ್ತು. ಬಾಗಲಕೋಟೆ ಕಡೆಯವರು. ಗಂಡ ತೀರಿಕೊಂಡ ಮೇಲೆ ಆ ಬಾಡಿಗೆ ಮನೆಯಲ್ಲೇ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಸುತ್ತಲಿನ ಕನ್ನಡದ ಮನೆಗಳಿಗೆ ಮಾರುತ್ತಿದ್ದರು. ಬೆಳಿಗ್ಗೆ ನನಗೆ ಎಚ್ಚರವಾಗುತ್ತಿದ್ದುದೇ ಅವರು ರೊಟ್ಟಿ ಬಡಿಯುವ ಸಪ್ಪಳಕ್ಕೆ. ಆ ಒಲೆಯೇ ಅವರನ್ನು ಈ ಊರಿನಲ್ಲಿ ಉಳಿಸಿತ್ತು. ಇದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ.

ನಾನಾಗ ಕಾಲೇಜಿನ ಎರಡನೇ ವರ್ಷ. ಮರಾಠಿ ಚರ್ಚಾಸ್ಪರ್ಧೆಯಲ್ಲಿ ಬಹುಮಾನದ ಢಾಲು ಗೆದ್ದು ಬಂದಿದ್ದೆ, ಎದುರಿಗೆ ಸಿಕ್ಕವರನ್ನೆಲ್ಲ ಪ್ರತಿಪಕ್ಷವೆಂದೇ ನೋಡುತ್ತಿದ್ದೆ. ಆ ಶ್ರಾವಣದಲ್ಲಿ ಮೂರನೇ ಮಹಡಿಯ ನಾಲ್ಕೂ ಮನೆಗಳಿಗೆ ಚಿಲಟಗಳು ಮುತ್ತಿದವು. ಮೊದಲ ವಾರವೇ ಕಾಕು ಆ ಲೋಟ ಮಾಡಿಕೊಟ್ಟಿದ್ದರು. ಹಿಡಿದಷ್ಟೂ ಹೊಸವು ಬರುತ್ತಿದ್ದವು. ಮೂಲ ಹುಡುಕದೆ ಮುಗಿಯುವುದಿಲ್ಲ ಎಂದು ನಾನೇ ತನಿಖೆಗೆ ಇಳಿದೆ. ಪಕ್ಷಪಾತ ಆಗಬಾರದೆಂದು ನಮ್ಮ ಮನೆಯಿಂದಲೇ ಶುರುಮಾಡಿದೆ. ಸಿಂಕಿನ ಕೆಳಗೆ, ಫ್ರಿಜ್ಜಿನ ಹಿಂದೆ, ಉಳ್ಳಾಗಡ್ಡಿ ಬುಟ್ಟಿಯ ತಳ, ಎಲ್ಲ ನೋಡಿದೆ. ದೇವರ ಕಪಾಟಿನ ಹತ್ತಿರ ಮಾತ್ರ ಹೋಗಲಿಲ್ಲ. ದೇವರನ್ನು ನಂಬುವುದಿಲ್ಲ ಎಂದು ಅವ್ವನಿಗೆ ಹೇಳಿ ಎರಡು ವರ್ಷವಾಗಿತ್ತು. ಆ ಮೂಲೆಗೆ ಕಾಲಿಡದಿರುವುದು ನನ್ನ ದೊಡ್ಡ ಹೆಮ್ಮೆ.

ನಮ್ಮ ಮನೆ ಹೀಗೆ ನಿರ್ದೋಷಿ ಆಯಿತು. ಉಳಿದದ್ದು ಕಾಕುವಿನ ಬಾಗಿಲಾಚೆ ಇರುತ್ತಿದ್ದ ಹಸಿ ಕಸದ ಬಕೆಟ್. ಅದಕ್ಕೆ ಮುಚ್ಚಳವಿತ್ತು, ಕಸ ಎತ್ತುವ ಹೆಂಗಸು ದಿನವೂ ಬಂದು ಒಯ್ಯುತ್ತಿದ್ದಳು. ಆದರೆ ಮುಚ್ಚಳದ ಮೇಲೆ ಚಿಲಟ ಕೂತಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ನನಗೆ ಅಷ್ಟು ಪುರಾವೆ ಸಾಕಾಯಿತು.

ನಮ್ಮ ಕಟ್ಟಡದ ಸೊಸೈಟಿಯ ಸಭೆ ಪಾರ್ಕಿಂಗಿನಲ್ಲಿ, ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ನಡೆಯಿತು. ಸಭೆಯ ಭಾಷೆ ಮರಾಠಿ. ಕಾಕುವಿಗೆ ತರಕಾರಿ ಕೊಳ್ಳುವಷ್ಟು ಮರಾಠಿ ಬರುತ್ತಿತ್ತು, ವಾದ ಮಾಡುವಷ್ಟಲ್ಲ. ನಾನು ಎದ್ದು ನಿಂತು ಹತ್ತು ನಿಮಿಷ ಮಾತಾಡಿದೆ. ವಾಸದ ಮನೆಯಲ್ಲಿ ವ್ಯಾಪಾರದ ಅಡುಗೆ ಏಕೆ ಕೂಡದು ಎಂಬುದನ್ನು ಒಂದು, ಎರಡು, ಮೂರು ಎಂದು ಬೆರಳು ಮಡಿಚುತ್ತಾ ವಿವರಿಸಿದೆ. ಕಾಕು ಉತ್ತರಿಸಲು ಎದ್ದರು, ಮರಾಠಿಯಲ್ಲಿ ಎರಡು ಪದ ಹೇಳಿ ತಡವರಿಸಿದರು, ಆಮೇಲೆ ನನ್ನ ಕಡೆಗೇ ತಿರುಗಿದರು.

“ನಾ ಹೇಳಬಾರದಂತ ಸುಮ್ಮನಿದ್ನೆವಾ. ನಿಮ್ಮ ದೇವರ ಕಪಾಟಿನ ಮ್ಯಾಲ ಒಮ್ಮೆ ನೋಡು. ಅರಿಷಿಣ-ಕುಂಕುಮಕ್ಕ ಬಂದಾಗ ನಾ ಕಂಡೀನಿ, ಅಲ್ಲಿಂದ ಏಳತಾವು.”

ಅವರು ಏನೆಂದರು ಎಂದು ಸೆಕ್ರೆಟರಿ ಕೇಳಿದರು. ಅದನ್ನು ಮರಾಠಿಯಲ್ಲಿ ಹೇಳಬೇಕಾದವಳು ನಾನೇ. ಹೇಳಿದೆ, ನನ್ನ ಬಾಲವನ್ನೂ ಅಂಟಿಸಿ: ಆರೋಪಕ್ಕೆ ಉತ್ತರ ಇಲ್ಲದವರು ಎದುರಿನವರ ಮನೆ ತೋರಿಸುತ್ತಾರೆ, ಇವರಂತೂ ಎದುರುಮನೆಯ ದೇವರನ್ನೇ ಆರೋಪಿ ಮಾಡಿದ್ದಾರೆ. ಎಲ್ಲರೂ ನಕ್ಕರು. ಕಾಕು ಕೂತುಬಿಟ್ಟರು. ಫ್ಲ್ಯಾಟಿನಲ್ಲಿ ಮಾರಾಟಕ್ಕೆ ಅಡುಗೆ ಮಾಡಕೂಡದು ಎಂಬ ನಿಯಮ ಅಲ್ಲೇ ಪಾಸಾಯಿತು. ಅದರ ಒಕ್ಕಣೆ ಬರೆದುಕೊಟ್ಟವಳೂ ನಾನೇ.

ರೊಟ್ಟಿಯ ಸಪ್ಪಳ ನಿಂತಿತು. ಚಿಲಟಗಳು ನಿಲ್ಲಲಿಲ್ಲ.

ಹದಿನೈದು ದಿನದ ಮೇಲೆ ಅವ್ವ ಸ್ಟೂಲು ಹತ್ತಿ ದೇವರ ಕಪಾಟಿನ ಮೇಲಿಂದ ಒಂದು ಚೀಲ ಇಳಿಸಿದಳು. ನಿರ್ಮಾಲ್ಯ. ಪೂಜೆಗೆ ಏರಿಸಿದ ಹೂವು ಕಸದ ಬುಟ್ಟಿಗೆ ಬೀಳಕೂಡದು, ಈ ಊರಿನ ಹೊಳೆಗೂ ಬೀಳಕೂಡದು, ತವರಿಗೆ ಹೋದಾಗ ಕೃಷ್ಣೆಯಲ್ಲೇ ಬಿಡಬೇಕು ಎಂಬುದು ಅವಳ ನೇಮ. ಆ ವರ್ಷ ನನ್ನ ಪರೀಕ್ಷೆಗಳಿಂದಾಗಿ ಬೇಸಿಗೆಯಲ್ಲಿ ತವರಿಗೆ ಹೋಗಿರಲಿಲ್ಲ. ತಿಂಗಳುಗಟ್ಟಲೆಯ ಚೆಂಡುಹೂವು, ವೀಳ್ಯದೆಲೆ, ಸತ್ಯನಾರಾಯಣ ಪೂಜೆಯ ಬಾಳೆಹಣ್ಣು, ಮಳೆಗಾಲದ ಪಸೆಗೆ ಎಲ್ಲ ಕಲೆತು ಕೆಸರಾಗಿದ್ದವು. ಗಂಟು ಬಿಚ್ಚಿದಾಗ ಎದ್ದ ನೊರಜಿನ ಮೋಡಕ್ಕೆ ಅವ್ವ ಸ್ಟೂಲಿನ ಮೇಲೆಯೇ ಮುಖ ಮುಚ್ಚಿಕೊಂಡಳು. ಕಾಕು ಹೇಳಿದ್ದನ್ನು ಸಭೆಯಲ್ಲಿ ಅವಳೂ ಕೇಳಿಸಿಕೊಂಡಿದ್ದಳು. ಮಗಳು ಅಷ್ಟು ಖಚಿತವಾಗಿ ಅಲ್ಲಗಳೆದ ಮೇಲೆ ನೋಡುವುದೇನಿದೆ ಎಂದು ಸುಮ್ಮನಾಗಿದ್ದಳಂತೆ.

ನಾನು ಎದುರಿನ ಬಾಗಿಲು ತಟ್ಟಿದೆ. ಕಾಕು ರೊಟ್ಟಿಯ ಹಂಚನ್ನು ಹಳೇ ಸೀರೆಯಲ್ಲಿ ಸುತ್ತುತ್ತಿದ್ದರು. ನನ್ನ ಮುಖ ನೋಡಿಯೇ ಗೊತ್ತಾಗಿರಬೇಕು.

“ಸಿಕ್ತೇನು?”

ಹೂಂ ಎಂದೆ.

“ನಿಮ್ಮವ್ವಗ ಏನೂ ಅನಬ್ಯಾಡ. ಆಕಿ ಭಕ್ತಿಲೆ ಇಟ್ಟಿದ್ಲು.” ಹಂಚನ್ನು ಬದಿಗಿಟ್ಟು ನನ್ನ ಕಡೆ ನೋಡಿದರು. “ಕೆಳಗ ಹೇಳ್ತೀಯೇನವಾ? ಎಲ್ಲಾರ ಮುಂದ, ಮರಾಠಿ ಒಳಗ? ಅಂದ್ರ ನಾ ಈ ಹಂಚು ಕಟ್ಟೂದಿಲ್ಲ.”

ಮುಂದಿನ ಸಭೆಯಲ್ಲಿ ಹೇಳುತ್ತೇನೆ ಎಂದೆ. ಮುಂದಿನ ಸಭೆ ಮೂರು ತಿಂಗಳಾಚೆ ಇತ್ತು. ಸೆಕ್ರೆಟರಿಯ ಮನೆ ಒಂದೇ ಮಹಡಿ ಕೆಳಗಿತ್ತು, ಹದಿನೆಂಟು ಮೆಟ್ಟಿಲು. ಇಳಿಯಲಿಲ್ಲ. ಚಿಲಟ ಎಲ್ಲಿಂದಲೇ ಬಂದಿರಲಿ, ತಾತ್ವಿಕವಾಗಿ ನಿಯಮ ಸರಿಯೇ ಇದೆಯಲ್ಲ ಎಂದು ನನಗೆ ನಾನೇ ವಾದಿಸಿಕೊಂಡೆ. ಸೋತ ಪಕ್ಷವನ್ನೂ ಸಮರ್ಥಿಸುವುದು ಹೇಗೆಂದು ನಮಗೆ ಕಲಿಸಿದ್ದರು. ಸೋತೆ ಎಂದು ಎದ್ದು ಹೇಳುವುದು ಹೇಗೆಂದು ಯಾವ ತರಬೇತಿಯಲ್ಲೂ ಬಂದಿರಲಿಲ್ಲ. ಈಗ ನೆನೆದರೆ ಮೈ ಉರಿಯುತ್ತದೆ. ಹದಿನೆಂಟು ಮೆಟ್ಟಿಲು!

ತಿಂಗಳೊಳಗೆ ಕಾಕು ದೌಂಡಿಗೆ, ರೈಲ್ವೆಯಲ್ಲಿದ್ದ ತಮ್ಮನ ಮನೆಗೆ ಹೊರಟುಹೋದರು. ಅಲ್ಲಿ ತಮ್ಮನ ಹೆಂಡತಿಯ ಅಡುಗೆಮನೆ, ಅವಳ ಒಲೆ. ಇವರು ಕಾಳು ಆರಿಸಿಕೊಂಡು ಕೂತಿರುತ್ತಿದ್ದರು ಎಂದು ಯಾರೋ ಬಂದು ಹೇಳಿದ್ದು ನೆನಪು... ದೌಂಡು ರೈಲಿನಲ್ಲಿ ಎಷ್ಟು ದೂರ? ಹೋಗುತ್ತೇನೆ ಎಂದು ಅವ್ವನಿಗೆ ಹೇಳುತ್ತಲೇ ಇದ್ದೆ. ಸಭೆಯಲ್ಲಿ ಹೇಳಬೇಕಾದ ಮಾತನ್ನೂ ಹೀಗೇ ಮುಂದೂಡುತ್ತಾ ಬಂದೆ. ಹೋದ ಚಳಿಗಾಲದಲ್ಲಿ ಆ ತಮ್ಮನೇ ಅವ್ವನಿಗೆ ಫೋನು ಮಾಡಿ, ಅಕ್ಕ ಹೋದಳು ಎಂದ. ಹದಿಮೂರನೇ ದಿನಕ್ಕೆ ಅವ್ವ ಒಬ್ಬಳೇ ಹೋಗಿ ಬಂದಳು. ಯಾವ ಮುಖ ಹೊತ್ತು ಬರಲಿ ಎಂದು ನಾನು ಮನೆಯಲ್ಲೇ ಉಳಿದೆ.

ಕಳೆದ ವಾರ ಪಾರ್ಕಿಂಗಿನಲ್ಲಿ ಮತ್ತೆ ಸಭೆ ಇತ್ತು. ಹೇಳಿಬಿಡು ಎಂದು ಅವ್ವನೇ ಅಂದಳು. ಎದ್ದು ನಿಂತು ಮರಾಠಿಯಲ್ಲಿ ಎಲ್ಲವನ್ನೂ ಹೇಳಿದೆ: ಚಿಲಟಗಳು ಹುಟ್ಟಿದ್ದು ನಮ್ಮ ಮನೆಯಲ್ಲಿ, ಅದು ತಿಳಿದ ಮೇಲೂ ನಾನು ಬಾಯಿ ಬಿಡಲಿಲ್ಲ, ಆ ನಿಯಮ ತೆಗೆಯಬೇಕು. ಕೂತವರಲ್ಲಿ ಹೆಚ್ಚಿನವರು ಹೊಸಬರು. ಯಾವ ಕಾಕು ಎಂದು ಒಬ್ಬರು ಪಕ್ಕದವರನ್ನು ಕೇಳಿದರು. ಈಗಿನ ಸೆಕ್ರೆಟರಿ ತಾಳ್ಮೆಯಿಂದ ಕೇಳಿಸಿಕೊಂಡರು. ತೆಗೆಯೋಣ, ಅದಕ್ಕೇನು, ಹೇಗೂ ಈ ಕಟ್ಟಡದಲ್ಲಿ ಅಡುಗೆ ಮಾಡಿ ಮಾರುವವರು ಯಾರೂ ಇಲ್ಲವಲ್ಲ ಎಂದರು. ಒಂದು ಕೈಯೂ ವಿರೋಧಕ್ಕೆ ಏಳಲಿಲ್ಲ. ಇಷ್ಟು ಸುಲಭವಾಗಿ ನಾನು ಯಾವ ವಾದವನ್ನೂ ಗೆದ್ದಿರಲಿಲ್ಲ.